ಕ್ರೇನ್ ಗುರುತಿಸಲಾರದ ಕ್ರೇನ್ ಚಾಲಕರ ಪರವಾಗಿ

ವಿಡಿಯೋ ಗೇಮ್ ಸಂಸ್ಥೆಯ ಹಕ್ಕು ನಿರ್ವಹಣಾ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ,

ತಮ್ಮ ಸರ್ವರುಗಳು ಕಣ್ಣು ಮಿಟುಕಿಸದೆ ನಮ್ಮಂಥವರ ಮೇಲೆ ನಿಗಾ ಇಟ್ಟಿರುವುದರಿಂದ ತಾವು ನಿಶ್ಚಿಂತೆಯಿಂದಲೇ ಇರುವಿರೆಂದು ಭಾವಿಸಿ, ತಮ್ಮ ಅಮೂಲ್ಯ ಸಮಯವನ್ನು ಹಾಳುಮಾಡುತ್ತಿರುವುದಕ್ಕೆ ಮೊದಲೇ ಕ್ಷಮೆ ಕೋರಿ, ನಮ್ಮ ಮನೆಯಲ್ಲಿ ತಾವು ನಡೆಸಿದ ಘನಕಾರ್ಯವನ್ನು ಎಲ್ಲರ ಎದುರು ನಿವೇದಿಸಿಕೊಳ್ಳುತ್ತಿದ್ದೇನೆ.

ನನ್ನ ಭಾವ, ಅಂದರೆ ಅಕ್ಕನ ಗಂಡ, ಬಂದರಿನಲ್ಲಿ ಇಪ್ಪತ್ತಾರು ವರ್ಷ ಕ್ರೇನ್ ನಡೆಸಿದವರು. ಕಳೆದ ವರ್ಷ ಪಾರ್ಶ್ವವಾಯು ಬಡಿದು ಅವರ ಎಡಗೈ ಸ್ವಾಧೀನ ತಪ್ಪಿತು. ಹಿಚುಕಲೆಂದು ಆಸ್ಪತ್ರೆಯವರು ಕೊಟ್ಟ ರಬ್ಬರ್ ಚೆಂಡನ್ನು ಅವರು ಎರಡೇ ದಿನಕ್ಕೆ ಮಂಚದ ಕೆಳಗೆ ಉರುಳಿಸಿ, ಎಲ್ಲಿ ಹೋಯಿತೋ ಗೊತ್ತಿಲ್ಲವೆಂದು ಸಾಧಿಸತೊಡಗಿದರು. ಬೇಸತ್ತ ಅಕ್ಕ, ಟಿವಿಯ ಕೆಳಗೆ ಎಷ್ಟೋ ಕಾಲದಿಂದ ದೂಳು ಹಿಡಿದು ಬಿದ್ದಿದ್ದ ತಮ್ಮ ಸಂಸ್ಥೆಯ ಗೇಮ್ ಡಿಸ್ಕೊಂದನ್ನು ಆಟದ ಯಂತ್ರಕ್ಕೆ ಹಾಕಿಕೊಟ್ಟಳು. ಪುಟ್ಟ ದೋಣಿಯೊಂದು ದೈತ್ಯ ಹಡಗುಗಳನ್ನು ಎಳೆದು ತಂದು ಇಕ್ಕಟ್ಟಾದ ಬಂದರಿಗೆ ಸೇರಿಸುವ ಆಟ ಅದು. ಎಡ ಹೆಬ್ಬೆರಳು ಒತ್ತದಿದ್ದರೆ ದೋಣಿ ತಿರುಗುವುದಿಲ್ಲ. ಚೆಂಡಿನ ಮುಖ ನೋಡದ ಮನುಷ್ಯ ಹಡಗುಗಳ ಹಿಂದೆ ಬಿದ್ದರು. ಮೂರು ತಿಂಗಳಾಗುವಷ್ಟರಲ್ಲಿ ಅಂಗಿಯ ಮೂರು ಗುಂಡಿಗಳನ್ನು ತಾವೇ ಹಾಕಿಕೊಂಡು, ಅಕ್ಕನಿಗೆ ತೋರಿಸದೆ ಮೊದಲು ನನಗೆ ಬಂದು ತೋರಿಸಿದರು.

ಇಷ್ಟರಲ್ಲಿ ಹಳೆಯ ಯಂತ್ರ ಕರಕರ ಸದ್ದು ಮಾಡಿ ಡಿಸ್ಕನ್ನು ಒಳಗೆಳೆದುಕೊಳ್ಳುವುದನ್ನೇ ನಿಲ್ಲಿಸಿತು. ನಾವು ಹೊಸದನ್ನು ತಂದೆವು. ಅದರಲ್ಲಿ ಡಿಸ್ಕ್ ತೂರಿಸಲು ಜಾಗವೇ ಇರಲಿಲ್ಲ. ‘ಈಗ ಡಿಸ್ಕ್ ಯಾರು ಕೇಳ್ತಾರೆ ಮೇಡಂ, ಎಲ್ಲ ಗಾಳೀಲೇ ಬರುತ್ತೆ’ ಎಂದ ಅಂಗಡಿಯವನು, ಬಂದ ದಾರಿಯಲ್ಲೇ ಅದು ವಾಪಸ್ಸೂ ಹೋಗುತ್ತದೆಂಬುದನ್ನು ಹೇಳಲಿಲ್ಲ. ಮನೆಯಲ್ಲೇ ಇದ್ದ ಆಟವನ್ನು ನಾವು ಮತ್ತೊಮ್ಮೆ ಕೊಂಡು ಡೌನ್‌ಲೋಡ್ ಮಾಡಿಕೊಂಡೆವು.

ಐದು ವಾರ ತಾವು ಕೃಪೆಯಿಟ್ಟು ಸುಮ್ಮನಿದ್ದಿರಿ. ಆಮೇಲೆ ಮೆಟ್ಟಿಲಿನ ಕಾಟ ಬೇಡವೆಂದು ಅಕ್ಕ ಮತ್ತು ಭಾವ, ಯಂತ್ರದ ಸಮೇತ, ಎರಡು ಬೀದಿ ಆಚೆಗಿರುವ ನನ್ನ ಮನೆಗೆ ಬಂದರು. ಯಂತ್ರವನ್ನು ನನ್ನ ಮನೆಯ ಇಂಟರ್ನೆಟ್ಟಿಗೆ ಜೋಡಿಸಿದ್ದೇ ತಡ, ಎರಡು ಬೀದಿ ದಾಟಿ ಬಂದ ಆ ಮಹಾ ಅಪರಾಧ ತಮ್ಮ ಗಮನಕ್ಕೆ ಬಂತು. ಆಡುತ್ತಿರುವವರು ಮನುಷ್ಯರೇ ಎಂದು ಖಚಿತಪಡಿಸಲು, ಅರ್ಧ ನಿಮಿಷದೊಳಗೆ ಕ್ರೇನ್ ಇರುವ ಚಿತ್ರಗಳನ್ನೆಲ್ಲ ಆರಿಸಬೇಕೆಂದು ಪರದೆಯ ಮೇಲೆ ಆಜ್ಞೆಯಾಯಿತು.

ಭಾವನ ಮುಖ ಅರಳಿದ್ದನ್ನು ತಾವು ನೋಡಬೇಕಿತ್ತು. ಎರಡು ಚಿತ್ರ ಸರಸರನೆ ಆರಿಸಿದವರು ಮೂರನೆಯದರ ಮುಂದೆ ನಿಂತುಬಿಟ್ಟರು.

‘ಒತ್ತಿ ಭಾವ, ಟೈಮ್ ಆಗ್ತಿದೆ’ ಎಂದೆ.

‘ಅದು ಮಣ್ಣು ಅಗೆಯೋ ಯಂತ್ರ ಕಣಮ್ಮ. ಅದನ್ನ ಕ್ರೇನ್ ಅಂತ ನಾನು ಹೇಗೆ ಒಪ್ಕೊಳ್ಳಲಿ?’

ತಮ್ಮ ಯಂತ್ರದ ಪ್ರಕಾರ ಅದು ಕ್ರೇನೇ ಆಗಿತ್ತು. ಭಾವ ಮೂರು ಸಲವೂ ಒಪ್ಪಲಿಲ್ಲ. ಮೂರನೆಯ ಸಲ, ಅನುಮಾನಾಸ್ಪದ ವರ್ತನೆಯ ಕಾರಣದಿಂದ ಅನುಮತಿ ರದ್ದಾಗಿದೆಯೆಂಬ ಸಂದೇಶ ಬಂತು. ಇಪ್ಪತ್ತಾರು ವರ್ಷ ಜನರ ತಲೆಯ ಮೇಲೆ ಟನ್‌ಗಟ್ಟಲೆ ಕಬ್ಬಿಣ ಆಡಿಸಿಯೂ ಒಬ್ಬರ ಕೂದಲು ಕೊಂಕಿಸದ ವ್ಯಕ್ತಿಯಲ್ಲಿದ್ದ ಕಳ್ಳನನ್ನು ಒಂದೂವರೆ ನಿಮಿಷದಲ್ಲಿ ಪತ್ತೆಹಚ್ಚಿದ ತಮ್ಮ ಸೂಕ್ಷ್ಮ ದೃಷ್ಟಿಗೆ ಏನೆನ್ನಲಿ?

ಹನ್ನೊಂದು ದಿನ ಬಿಡದೆ ಫೋನ್ ಮಾಡಿದೆ. ಕೊನೆಗೆ ಸಿಕ್ಕ ತಮ್ಮ ಸಹಾಯಕಿ ಬಹಳ ಸಮಾಧಾನದಿಂದ, ‘ಮೇಡಂ, ನೀವು ಆಟ ತಗೊಂಡಿಲ್ಲ, ಆಡೋದಕ್ಕೆ ಅನುಮತಿ ತಗೊಂಡಿದ್ರಿ, ಅಷ್ಟೇ’ ಎಂದು ನನ್ನ ಅಜ್ಞಾನವನ್ನು ತಿದ್ದಿದರು. ತಿದ್ದಿಕೊಂಡೆ. ಅದರಂತೆ ತಮ್ಮಲ್ಲಿ ವಿನಂತಿ ಏನೆಂದರೆ, ಅನುಮತಿಯ ಅವಧಿಯಲ್ಲಿ ಭಾವನ ಹೆಬ್ಬೆರಳು ಕಲಿತ ಚಲನೆಯೂ ನ್ಯಾಯವಾಗಿ ತಮ್ಮದೇ ಆಗಿರುವುದರಿಂದ, ಅದನ್ನು ವಾಪಸ್ ಪಡೆಯಲು ಯಾರನ್ನಾದರೂ ಕಳಿಸಿಕೊಡಿ. ತಡವಾದರೂ ಚಿಂತೆಯಿಲ್ಲ, ಆಟ ನಿಂತ ಮೇಲೆ ಅದು ತಾನಾಗಿಯೇ ಹೋಗತೊಡಗಿತ್ತು. ಆ ದಿನಗಳಲ್ಲಿ ಭಾವ ಎಡಗೈಯನ್ನು ತೊಡೆಯ ಮೇಲಿಟ್ಟುಕೊಂಡು, ಅದು ಬೇರೆ ಯಾರದೋ ಎಂಬಂತೆ ಕೂರುತ್ತಿದ್ದರು. ‘ಗುಂಡಿ ಮತ್ತೆ ನಾನೇ ಹಾಕ್ತಿದೀನಿ ಕಣೇ’ ಎಂದು ಅಕ್ಕ ಅಡುಗೆಮನೆಯಲ್ಲಿ ನನ್ನೊಬ್ಬಳಿಗೇ ಕೇಳುವಂತೆ ಹೇಳಿದಳು.

ಆ ಮಾತು ಕೇಳಿದ ಮೇಲೆ ನಾನು ಮಾಡಿದ ಕೆಲಸವನ್ನು ಒಪ್ಪಿಕೊಳ್ಳುತ್ತೇನೆ. ಹಳೆಯ ಯಂತ್ರವನ್ನು ನನ್ನ ಲ್ಯಾಬಿಗೆ ಹೊತ್ತೊಯ್ದು, ಬಿಚ್ಚಬಾರದೆಂದು ತಾವು ಅಂಟಿಸಿದ್ದ ಚೀಟಿಯನ್ನು ಹರಿದು, ಬಿಚ್ಚಿದೆ. ಡಿಸ್ಕನ್ನು ಒಳಗೆಳೆಯುವ ಪುಟ್ಟ ಚಕ್ರದ ಹಲ್ಲೊಂದು ಮುರಿದಿತ್ತು. ಕೃತಕ ಹಲ್ಲು ತಯಾರಿಸುವುದೇ ನನ್ನ ಕಸುಬು. ಕೃತಕ ಒಸಡಿಗೆ ಬಳಸುವ ಗುಲಾಬಿ ಬಣ್ಣದ ಅಕ್ರಿಲಿಕ್ಕಿನಲ್ಲೇ ಒಂದು ಹಲ್ಲು ಕಟ್ಟಿ, ಎರಡು ಸಲ ಅರದಿಂದ ಉಜ್ಜಿ ಕೂರಿಸಿದೆ. ನಮ್ಮ ಕಸುಬು ತೀರಾ ಹಿಂದುಳಿದದ್ದು ಮಾನ್ಯರೇ. ನಾನು ಕಟ್ಟಿಕೊಟ್ಟ ಹಲ್ಲುಗಳು, ಹಾಕಿಕೊಂಡವರು ಮನೆ ಬದಲಿಸಿದರೂ ಬಾಯಲ್ಲೇ ಉಳಿಯುತ್ತವೆ. ಅಗಿಯುವ ಮುಂಚೆ ಅವರು ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ.

ಯಂತ್ರ ಒಮ್ಮೆ ಗೊಣಗಿ ಡಿಸ್ಕನ್ನು ನುಂಗಿತು. ಹೊಸ ಯಂತ್ರದಲ್ಲಿ ಭಾವ ಗೆದ್ದುಕೊಂಡಿದ್ದ ಹದಿನಾಲ್ಕು ಬಂದರುಗಳು ತಮ್ಮಲ್ಲೇ ಉಳಿದವು. ಬೆರಳು ಮರಗಟ್ಟಿದ್ದರಿಂದ ಭಾವ ಮತ್ತೆ ಮೊದಲಿನಿಂದ ಶುರುಮಾಡಿದರು; ಮೊದಲ ಬಂದರಿನಲ್ಲೇ ಅವರ ದೋಣಿ ಆರು ಸಲ ಗೋಡೆಗೆ ಬಡಿಯಿತು. ಏಳನೆಯ ಸಲ ಹಡಗು ಒಳಗೆ ಬಂದು ನಿಂತಿತು. ಅಕ್ಕ ಮೊರದಲ್ಲಿದ್ದ ಅಕ್ಕಿಯನ್ನು ಮರೆತು ನಿಂತಿದ್ದಳು. ಭಾವ ಪರದೆಯನ್ನು ಒಂದಿಷ್ಟು ಹೊತ್ತು ಕಾದು ನೋಡಿ ನನ್ನ ಕಡೆ ತಿರುಗಿದರು.

‘ಇವತ್ತು ಯಾರೂ ನನ್ನ, ನೀನು ಮನುಷ್ಯನಾ ಅಂತ ಕೇಳ್ಲಿಲ್ಲ ಅಲ್ವಾ?’

ಇಲ್ಲವೆಂದೆ. ಅವರು ಎರಡನೆಯ ಬಂದರಿಗೆ ಹೊರಟರು.

ತಾವು ಮುಂದೆ ಯಾವಾಗ ಬೇಕಾದರೂ ರದ್ದುಪಡಿಸಬಹುದಾದ,
ತಮ್ಮ ವಿಶ್ವಾಸಿ,
ಹಲ್ಲು ಕಟ್ಟುವವಳು

ಮರೆತ ಮಾತು: ಈ ಪತ್ರ ಕಾಗದದ ಮೇಲಿದೆ. ಓದಿದ ಬಳಿಕ ಪಕ್ಕದ ಮೇಜಿನವರಿಗೆ ಕೊಡಬಹುದು, ಮನೆಗೆ ಒಯ್ಯಬಹುದು, ಹತ್ತು ವರ್ಷ ಬಿಟ್ಟು ಮತ್ತೆ ಓದಬಹುದು. ನನ್ನನ್ನು ಕೇಳಬೇಕಾಗಿಲ್ಲ. ಇದು ತಮಗೆ ವಿಚಿತ್ರವೆನಿಸಿದರೆ ಗಾಬರಿಯಾಗಬೇಡಿ. ವಸ್ತುವೊಂದು ನಿಜವಾಗಿ ತಮ್ಮದಾದಾಗ ಹೀಗೇ ಅನಿಸುತ್ತದೆ.