ಅವ್ವನ ಕಾಲಿನ ಅಳತೆ

ಮನೆತನದಲ್ಲಿ ಮೊದಲು ಪದವಿ ಪಡೆದವರಿಗೆ ಒಂದು ಕಾಯಿಲೆ ಅಂಟಿಕೊಳ್ಳುತ್ತದೆ. ಅದಕ್ಕೆ ದವಾಖಾನೆಗಳಿಗೇ ಹೆಸರಾದ ಮಿರಜದ ಯಾವ ಡಾಕ್ಟರರ ಹತ್ತಿರವೂ ಔಷಧವಿಲ್ಲ. ಯಾರೋ ಒಬ್ಬರು, ಬಹುಶಃ ಕನ್ನಡಕ ಹಾಕಿಕೊಂಡವರು, ಒಂದು ದಿನ ಬಾಗಿಲು ಬಡಿದು, "ಎಲ್ಲೋ ತಪ್ಪಾಗಿದೆ, ಆ ಸರ್ಟಿಫಿಕೇಟು ನಿಮ್ಮದಲ್ಲ, ಕೊಡಿ" ಎಂದು ಕೇಳುತ್ತಾರೆ ಎಂಬ ಅಂಜಿಕೆಯೇ ಆ ಕಾಯಿಲೆ. ನನ್ನ ಬಿ.ಕಾಂ. ಸರ್ಟಿಫಿಕೇಟು ಕೈಗೆ ಬಂದ ದಿನವೇ ಇದೇ ಅಂಜಿಕೆಯಿಂದ ಅದನ್ನು ಲ್ಯಾಮಿನೇಷನ್ ಮಾಡಿಸಿಬಿಟ್ಟೆ. ಇನ್ನು ಮಳೆಗೂ ಇಲಿಗೂ ಹೆದರಬೇಕಿಲ್ಲ ಅಂದುಕೊಂಡೆ. ವಾರದ ಮೇಲೆ ಗೆಳತಿಯೊಬ್ಬಳು, ಲ್ಯಾಮಿನೇಷನ್ ಮಾಡಿದ್ದನ್ನು ನೌಕರಿಗೆ ಒಪ್ಪುವುದಿಲ್ಲವಂತೆ ಅಂದಳು. ಒಂದಿಡೀ ಮಧ್ಯಾಹ್ನ ಬ್ಲೇಡು ಹಿಡಿದು ಕೂತು ಆ ಪ್ಲಾಸ್ಟಿಕ್ಕನ್ನು ಬಿಡಿಸಲು ಹೋಗಿ, ವಿಶ್ವವಿದ್ಯಾಲಯದ ಮುದ್ರೆಯ ಒಂದು ಮೂಲೆಯನ್ನು ಕಿತ್ತುಬಿಟ್ಟೆ. ಇವತ್ತಿಗೂ ಆ ಮೂಲೆಯನ್ನು ಹೆಬ್ಬೆರಳಿನಿಂದ ಮುಚ್ಚಿಕೊಂಡೇ ಸರ್ಟಿಫಿಕೇಟು ತೋರಿಸುತ್ತೇನೆ. ಇಂಥವಳು ಸುಮ್ಮನಿರದೆ ಎಂ.ಬಿ.ಎ.ಗೆ ಸೇರಿದ್ದು, ಅದರಲ್ಲೂ ಕೊನೆಯ ವರ್ಷ ಪ್ರಾಜೆಕ್ಟ್ ಎಂಬುದನ್ನು ಮಾಡಬೇಕಾಗಿ ಬಂದದ್ದು ನನ್ನ ಸದ್ಯದ ಸಂಕಟದ ಮೂಲ.

ಸಾಂಗಲಿಯ ನಮ್ಮ ಕಾಲೇಜಿನಲ್ಲಿ ಪ್ರಾಜೆಕ್ಟಿಗೆ ಮರಾಠಿಯಲ್ಲಿ 'ಪ್ರಕಲ್ಪ' ಅನ್ನುತ್ತಾರೆ. ನಮ್ಮೂರು ಲಿಂಗನೂರಿಗೆ ಹೋದಾಗ ಅಪ್ಪನ ಮುಂದೆ ಹೆಮ್ಮೆಯಿಂದ ಹೇಳಿದೆ, ನಾನು ಪ್ರಕಲ್ಪ ಮಾಡುತ್ತಿದ್ದೇನೆ ಎಂದು. ಕುರಿಗಳಿಗೆ ಸೊಪ್ಪು ಹಾಕುತ್ತಿದ್ದ ಅಪ್ಪ ಕೈ ನಿಲ್ಲಿಸಿ ಗಾಬರಿಯಿಂದ ಕೇಳಿದ: "ಎಲ್ಲಿಂದ ಹಾದು ಹೊಕ್ಕೈತಿ? ನಮ್ಮ ಹೊಲ ಅದರಾಗ ಬರತೈತೇನು?" ನಮ್ಮ ಕಡೆ ಪ್ರಕಲ್ಪ ಅಂದರೆ ಕಾಲುವೆ, ಕಾಲುವೆ ಅಂದರೆ ಯಾರದಾದರೂ ಹೊಲದ ನಡುವೆ ಬಳಿದ ಸುಣ್ಣದ ಗೆರೆ. ಇದು ಕಾಲುವೆಯಲ್ಲ, ಜನರ ತೊಂದರೆಗೆ ಪರಿಹಾರ ಹುಡುಕುವುದು ಎಂದು ಬಿಡಿಸಿ ಹೇಳಿದೆ. "ಕಾಲುವಿಯವರೂ ಹಂಗ ಅಂದಿದ್ರು" ಎಂದು ಅಪ್ಪ ಮತ್ತೆ ಸೊಪ್ಪು ಹಾಕತೊಡಗಿದ.

ನನ್ನ ತರಗತಿಯವರೆಲ್ಲ ಜನರ ತೊಂದರೆಗಳನ್ನು ಹುಡುಕಿಕೊಂಡು ಹೊರಟಿದ್ದರು. ಒಬ್ಬ ಹಳ್ಳಿಯ ಶಾಲೆಯೊಂದಕ್ಕೆ ಮೊಬೈಲಿನಲ್ಲೇ ಹಾಜರಿ ಹಾಕುವ ವ್ಯವಸ್ಥೆ ಮಾಡಿದ. ಆ ಶಾಲೆಯಲ್ಲಿ ಇದ್ದದ್ದು ಹನ್ನೊಂದು ಮಕ್ಕಳು, ಗುರುಗಳು ಕೆಮ್ಮಿನ ಸದ್ದಿನ ಮೇಲೇ ಯಾರು ಬಂದಿದ್ದಾರೆ ಎಂದು ಹೇಳುತ್ತಿದ್ದರಂತೆ. ಇನ್ನೊಬ್ಬಳು ಸಿತಾರು ಮಾಡುವ ಕಾಕಾ ಒಬ್ಬರಿಗೆ ಫೋನಿನಲ್ಲೇ ವ್ಯಾಪಾರ ಮಾಡುವ ದಾರಿ ತೋರಿಸಲು ಹೋದಳು. ಆ ಕಾಕಾ ಅವಳನ್ನು ಕೂರಿಸಿ, ಚಹಾ ಕುಡಿಸಿ, "ಸಿತಾರಿನ ಸೋರಿ ಬುರುಡಿ ಬಡದ ನಾದ ನೋಡಬೇಕಲ್ಲವಾ, ಫೋನಿನ್ಯಾಗ ಹೆಂಗ ಬಡೀಲಿ?" ಎಂದು ಕೇಳಿ ಕಳಿಸಿದರಂತೆ. ನಾನು ಮಾತ್ರ ನನಗೆ ಚೆನ್ನಾಗಿ ಗೊತ್ತಿರುವ ತೊಂದರೆಯನ್ನೇ ಆರಿಸಿಕೊಂಡೆ. ಮಿರಜದ ಒಂದು ಹಳೆಯ ದವಾಖಾನೆಗೆ ಅಥಣಿ, ರಾಯಬಾಗ, ಜಮಖಂಡಿ ಕಡೆಯಿಂದ ರೋಗಿಗಳು ಬರುತ್ತಾರೆ. ಬೋರ್ಡುಗಳೆಲ್ಲ ಮರಾಠಿ, ಇಂಗ್ಲಿಷಿನಲ್ಲಿ. ಎಕ್ಸ್‌ರೇ ಕೋಣೆ ಇರುವುದು ಮೂರನೆಯ ಕಟ್ಟಡದ ಹಿಂದೆ, ಅಡುಗೆಮನೆಯ ವಾಸನೆ ದಾಟಿ ಎಡಕ್ಕೆ. ಮುರಿದ ಕಾಲಿನವರು ಆ ಕಾಲಿನ ಫೋಟೋ ತೆಗೆಸಲು ಇನ್ನೊಂದು ಕಾಲು ಮುರಿಯುವಷ್ಟು ಅಲೆಯುತ್ತಾರೆ. ಓದು ಬರದವರೂ ದಾರಿ ಹಿಡಿಯುವಂತೆ, ಗೇಟಿನಿಂದ ಎಕ್ಸ್‌ರೇ ಕೋಣೆಯವರೆಗೆ ನೆಲದ ಮೇಲೆ ಹೆಜ್ಜೆಗಳನ್ನು ಅಂಟಿಸುತ್ತೇನೆ ಎಂದೆ. ನಮ್ಮ ಗೈಡ್ ಮೇಡಮ್ ಅವರಿಗೆ ಇದು ಬಹಳ ಹಿಡಿಸಿತು. ಅಲ್ಲಿಯವರೆಗೆ ಅವರು ನನ್ನ ಹೆಸರನ್ನು ತಪ್ಪಾಗಿ ಕರೆಯುತ್ತಿದ್ದರು, ಅವತ್ತು ಮೊದಲ ಸಲ ಸರಿಯಾಗಿ 'ಸುಜಾತಾ' ಅಂದರು.

ಹೆಜ್ಜೆ ಅಂಟಿಸಬೇಕಾದರೆ ಒಂದು ಕಾಲು ಬೇಕಲ್ಲ. ರವಿವಾರ ಊರಿಗೆ ಹೋದವಳು ಹಳೆಯ ಪೇಪರು ಹಾಸಿ, "ಅವ್ವಾ, ಇದರ ಮ್ಯಾಲ ನಿಂದರ" ಅಂದೆ. ಅವ್ವ ನಿಂತಳು. ಪೆನ್ಸಿಲಿನಿಂದ ಎರಡೂ ಪಾದಗಳ ಸುತ್ತ ಗೆರೆ ಎಳೆದೆ. ಬಲಗಾಲಿನ ಕಿರುಬೆರಳನ್ನು ಹಿಂದೊಮ್ಮೆ ಟಗರು ತುಳಿದಿತ್ತು. ಅಂದಿನಿಂದ ಅದು ಉಳಿದ ನಾಲ್ಕರೊಂದಿಗೆ ಜಗಳವಾಡಿ ಬೇರೆ ಮನೆ ಮಾಡಿದಂತೆ ದೂರ ನಿಂತಿದೆ. ಅದರ ಸುತ್ತಲೂ ಗೆರೆ ಎಳೆದೆ. ಅವ್ವನ ಮುಖ ಅರಳಿತ್ತು. ನಮ್ಮ ಊರುಗಳಲ್ಲಿ ಪೇಪರಿನ ಮೇಲೆ ಕಾಲಿನ ಗೆರೆ ಎಳೆಯುವುದು ಒಂದೇ ಕಾರಣಕ್ಕೆ: ಪೇಟೆಗೆ ಹೋಗುವವರ ಕೈಯಲ್ಲಿ ಅಳತೆ ಕೊಟ್ಟು ಚಪ್ಪಲಿ ತರಿಸಲು. ಅದು ನನಗೆ ಹೊಳೆದದ್ದು ಅವ್ವ ಪಕ್ಕದ ಮನೆಯವರಿಗೆ ಹೊಸ್ತಿಲಲ್ಲೇ ನಿಂತು, "ಸುಜಿ ಮಿರಜಿಂದ ಚಪ್ಪಲಿ ತರತಾಳ, ಅಳತಿ ತಗೊಂಡಾಳ" ಎಂದು ಹೇಳಿದ್ದು ಕಿವಿಗೆ ಬಿದ್ದಾಗ. ಆಗಲೇ ನಿಜ ಹೇಳಬೇಕಿತ್ತು. ಹೇಳಲಿಲ್ಲ. ಪ್ರಾಜೆಕ್ಟ್ ಮುಗಿಯಲಿ, ಚಪ್ಪಲಿಯನ್ನೂ ತಂದರಾಯಿತು ಅಂದುಕೊಂಡು ಬಸ್ಸು ಹತ್ತಿದೆ.

ಗಾಡಿಗಳ ನಂಬರ್ ಪ್ಲೇಟಿಗೆ ರೇಡಿಯಂ ಸ್ಟಿಕ್ಕರ್ ಅಂಟಿಸುವ ಅಂಗಡಿಯವನು ಪೇಪರು ನೋಡಿ, "ಈ ಬೆರಳು ಸರಿ ಮಾಡಲೇನ್ರಿ ಮೇಡಮ್?" ಎಂದು ಕೇಳಿದ. ಯಾಕೋ ಮನಸ್ಸಾಗಲಿಲ್ಲ, ಇರಲಿ ಬಿಡ್ರಿ ಅಂದೆ. ಅವನ ಹತ್ತಿರ ಸುರುಳಿಗಟ್ಟಲೆ ಉಳಿದಿದ್ದದ್ದು ಹಳದಿ ಬಣ್ಣ. ಹಳದಿಯೇ ಇರಲಿ ಅಂದೆ. ಬರಿಗಾಲು, ಹೆಣ್ಣುಕಾಲು, ಅರಿಸಿನದ ಬಣ್ಣ. ಮೂರನ್ನೂ ಒಟ್ಟಿಗೆ ಇಟ್ಟು ನೋಡುವ ಬುದ್ಧಿ ಎಂ.ಬಿ.ಎ. ಓದಿದ ನನಗೆ ಬರಲಿಲ್ಲ. ಬಂದದ್ದು ಅಥಣಿ ಕಡೆಯ ಒಬ್ಬ ಅಜ್ಜನಿಗೆ.

ಹಿಂದೆ ಮಿರಜದಲ್ಲಿ ಆಪರೇಷನ್ ಮಾಡಿಸಿಕೊಂಡು ಬದುಕಿ ಬಂದವರೊಬ್ಬರು ಪ್ರತಿ ಊರಿನಲ್ಲೂ ಇರುತ್ತಾರೆ. ಆಮೇಲೆ ಆ ಊರಿನಲ್ಲಿ ಯಾರಿಗೆ ಏನಾದರೂ ಅವರೇ ಮುಂದಾಳು. ಈ ಅಜ್ಜ ಅಂಥವನು, ಐದಾರು ಜನರನ್ನು ಹಿಂದೆ ಹಾಕಿಕೊಂಡು ಬಂದಿದ್ದ. ಹೆಜ್ಜೆಗಳನ್ನು ಅಂಟಿಸಿದ ಮೊದಲ ಬೆಳಿಗ್ಗೆ ನಾನು ಕೈಯಲ್ಲಿ ಪಟ್ಟಿ ಹಿಡಿದು, 'ಯಾರನ್ನೂ ಕೇಳದೆ ತಲುಪಿದವರು' ಎಂಬ ಕಾಲಮಿನಲ್ಲಿ ಗೀಟು ಹಾಕಲು ಕಾಯುತ್ತ ನಿಂತಿದ್ದೆ. ಅಜ್ಜ ಗೇಟು ದಾಟಿದವನು ಗಕ್ಕನೆ ನಿಂತು, ಹಿಂದಿನವರಿಗೆ ಕೈ ಅಡ್ಡ ಹಿಡಿದ.

"ಚಪ್ಪಲಿ ಬಿಡ್ರಿ ಮೊದಲ. ಹೆಜ್ಜಿ ಕಾಣಸೂದಿಲ್ಲೇನು? ದವಾಖಾನಿಗಿ ಲಕ್ಷ್ಮಿ ಬಂದಾಳ."

ನಾನು ಓಡಿದೆ. "ಅಜ್ಜಾರ, ಇವು ದೇವರ ಹೆಜ್ಜಿ ಅಲ್ರಿ. ಎಕ್ಸ್‌ರೇಕ್ಕ ಹೋಗೂ ದಾರಿ ತೋರಸಾಕ ಹಚ್ಚೇವಿ."

"ದಾರಿ ತೋರಸೂದು ದೇವರಲ್ಲದ ಮತ್ಯಾರ ತಂಗಿ?" ಅಂದ ಅಜ್ಜ, ಬಾಗಿ ಮೊದಲ ಹೆಜ್ಜೆಯನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡ. ಹಿಂದಿನವರೂ ಒತ್ತಿಕೊಂಡರು. ಮುರಿದ ಕೈಗೆ ಪಟ್ಟಿ ಕಟ್ಟಿಕೊಂಡಿದ್ದವನು ಇನ್ನೊಂದು ಕೈಯಿಂದ ಒತ್ತಿಕೊಂಡ.

ಮೂರನೆಯ ದಿನಕ್ಕೆ ಹೂವು ಬಿದ್ದವು. ನಾಲ್ಕನೆಯ ದಿನಕ್ಕೆ ಕುಂಕುಮ. ಹೆಜ್ಜೆಯ ಮೇಲೆ ಕಾಲಿಡುವುದಂತೂ ದೂರ ಉಳಿಯಿತು, ಜನ ಗೋಡೆಗೆ ಒತ್ತಿಕೊಂಡು ಪಕ್ಕದಲ್ಲಿ ನಡೆಯುತ್ತಿದ್ದರು. ಎಕ್ಸ್‌ರೇ ಕೋಣೆಯ ಬಾಗಿಲಲ್ಲಿ ಹೆಜ್ಜೆ ಮುಗಿಯುವುದರಿಂದ ದೇವಿ ಒಳಗೇ ಇದ್ದಾಳೆ ಎಂದು ಒಬ್ಬ ಅಜ್ಜಿ ಕಾಯಿ ತಂದಿದ್ದಳು. ಕಸ ಗುಡಿಸುವ ಸುಮನ ಮಾವಶಿ ಒಬ್ಬಳೇ ಖುಷಿಯಾಗಿದ್ದಳು, ಅದೂ ಅರ್ಧ. "ಏ ತಾಯಿ, ಎಲ್ಲಾರೂ ಚಪ್ಪಲಿ ಹೊರಗ ಬಿಡತಾರ, ಫರಶಿ ನೆಲ ಹೆಂಗ ಚಕಾಕ ಅಂತೈತಿ ನೋಡ. ಖರೇ, ಕುಂಕುಮ ಒರಸಿ ಒರಸಿ ನನ್ನ ಕೈ ಲಾಲ್ ಆಗ್ಯಾವ!" ನನ್ನ ಪಟ್ಟಿಯಲ್ಲಿ ಹೊಸದೊಂದು ಕಾಲಮು ಎಳೆಯಬೇಕಾಯಿತು: 'ನಮಸ್ಕಾರ ಮಾಡಿದವರು'. ಅದೊಂದೇ ತುಂಬುತ್ತಿತ್ತು.

ಹಾಗೆಂದು ಜನ ಎಕ್ಸ್‌ರೇ ಕೋಣೆ ತಲುಪುತ್ತಿರಲಿಲ್ಲವೆಂದಲ್ಲ, ತಲುಪುತ್ತಿದ್ದರು. ದೇವರ ಹಿಂದೆ ಹೋಗುವವರು ದಾರಿ ತಪ್ಪುವುದಿಲ್ಲ. ಆದರೆ ಇದನ್ನು ವರದಿಯಲ್ಲಿ ಹೇಗೆ ಬರೆಯುವುದು? ಬರೆದದ್ದನ್ನು ಎರಡು ಸಲ ಹರಿದು ಹಾಕಿದೆ. ಮೇಡಮ್ ಬೇರೆ, "ಹೆಜ್ಜೆಯ ಅಳತೆಯನ್ನು ಯಾವ ಆಧಾರದ ಮೇಲೆ ತೆಗೆದುಕೊಂಡಿರಿ, ಅದನ್ನೂ ಬರೆಯಿರಿ" ಅಂದರು. ನಮ್ಮ ಅವ್ವನ ಕಾಲು ಎಂದು ಬರೆಯಲೇ? ಕನ್ನಡಕದವರು ಬಾಗಿಲು ಬಡಿದಂತಾಯಿತು. ಇಪ್ಪತ್ತಮೂರನೆಯ ಪುಟದಲ್ಲಿ, 'ಐವತ್ತು ಮಂದಿ ರೋಗಿಗಳ ಪಾದಗಳನ್ನು ಅಳೆದು, ಸರಾಸರಿ ತೆಗೆದು, ಪ್ರಮಾಣಿತ ಹೆಜ್ಜೆಯನ್ನು ಸಿದ್ಧಪಡಿಸಲಾಯಿತು' ಎಂದು ಬರೆದೆ. ಒಂದೇ ವಾಕ್ಯ. ಅದನ್ನು ಬರೆದ ಮೇಲೆ ನನಗೆ ಊಟ ಸೇರಲಿಲ್ಲ. ಸಾಂಗಲಿ–ಮಿರಜ ಬಸ್ಸಿನಲ್ಲಿ ಯಾರದೇ ಬರಿಗಾಲು ಕಂಡರೂ, ಇವರನ್ನು ನಾನು ಅಳೆದಿಲ್ಲ, ಇವರನ್ನೂ ಅಳೆದಿಲ್ಲ ಎಂದು ಎಣಿಸುತ್ತ ಕೂರುತ್ತಿದ್ದೆ.

ಹೊರಗಿನಿಂದ ಬರುವ ಪರೀಕ್ಷಕರು ಕಾಲೇಜಿನಲ್ಲಿ ಕೂತು ನಾಲ್ಕು ಪ್ರಶ್ನೆ ಕೇಳಿ ಹೋಗುವುದು ವಾಡಿಕೆ. ನನ್ನ ಪಾಲಿಗೆ ಬಂದವರು, "ದವಾಖಾನೆಗೇ ಹೋಗಿ ನೋಡೋಣ" ಎಂದುಬಿಟ್ಟರು. ಅವರಿಗೆ ಕನ್ನಡಕವೂ ಇತ್ತು. ಇದು ಸಾಲದೆಂಬಂತೆ ಅವ್ವನ ಫೋನು: "ಶನಿವಾರ ನಿನ್ನ ಪರೀಕ್ಷಾ ಮಿರಜಿನ್ಯಾಗಂತಲ್ಲ? ನಂದೂ ಮಣಕಾಲು ನೋಯಾಕತ್ತೈತಿ. ಅವತ್ತ ಬರತೇನಿ, ಎರಡೂ ಕೆಲಸ ಆಗತಾವು."

"ಬ್ಯಾಡವಾ, ಅವತ್ತ ಭಾಳ ಗದ್ದಲ ಇರತೈತಿ."

"ಗದ್ದಲ ಇದ್ರ ಇರಲಿ, ನಾ ಏನ ನಿನ್ನ ಪೇಪರ ಬರಿಯಾಕ ಬರತೇನೇನು?"

ಶನಿವಾರ ಗೇಟಿನ ಬಳಿ ಪರೀಕ್ಷಕರು, ಮೇಡಮ್, ನಾನು. ಬೆಳಿಗ್ಗೆಯೇ ಬಂದು ಸುಮನ ಮಾವಶಿಯ ಜೊತೆ ಸೇರಿ ಹೂವು, ಕುಂಕುಮ ಎಲ್ಲ ಒರೆಸಿದ್ದೆ. ಹೆಜ್ಜೆಗಳು ತೊಳೆದ ಅಂಗೈಯಷ್ಟು ಸ್ವಚ್ಛ. ಪರೀಕ್ಷಕರು ಬಾಗಿ ನೋಡಿ, ಇಪ್ಪತ್ತಮೂರನೆಯ ಪುಟ ತೆರೆದು ಮರಾಠಿಯಲ್ಲಿ ಕೇಳಿದರು: "ಐವತ್ತು ಮಂದಿಯ ಸರಾಸರಿ ಅಂತೀರಿ. ಹಾಗಾದರೆ ಈ ಕಿರುಬೆರಳು ಯಾಕೆ ಹೀಗಿದೆ? ಐವತ್ತು ಮಂದಿಗೂ ಹೀಗೇ ಇತ್ತೇ?"

ಉತ್ತರ ಹುಡುಕುತ್ತ ತಲೆ ಎತ್ತಿದರೆ, ಗೇಟಿನಲ್ಲಿ ಅವ್ವ. ಕಾಲಲ್ಲಿ ಅದೇ ಹಳೆಯ ಚಪ್ಪಲಿ, ಕಿತ್ತ ಪಟ್ಟಿಗೆ ಪಿನ್ನು ಚುಚ್ಚಿಕೊಂಡಿದ್ದಳು. ಹೊಸದು ಬರುತ್ತದಲ್ಲ ಎಂದು ಹೊಲಿಸಿರಲಿಲ್ಲ. ನನ್ನನ್ನು ನೋಡಿ ನಗುತ್ತ ಬಂದವಳು ನೆಲ ನೋಡಿದಳು. ನಿಂತಳು. ಚಪ್ಪಲಿ ಕಳಚಿ, ಸೀರೆಯ ನೆರಿಗೆ ಎತ್ತಿ, ಬಲಗಾಲನ್ನು ಹಳದಿ ಹೆಜ್ಜೆಯ ಮೇಲೆ ಇಟ್ಟಳು. ಮುಚ್ಚಳ ಕೂತಂತೆ ಕೂತಿತು, ಕಿರುಬೆರಳಿನ ಸಮೇತ.

"ಏ ಸುಜಿ! ಇದು ನನ್ನ ಕಾಲ ಅಲ್ಲೇನು?"

"ಏನಂತಾರೆ ಇವರು?" ಎಂದರು ಕನ್ನಡ ಬಾರದ ಪರೀಕ್ಷಕರು.

"ಬಹಳ ಅನುಕೂಲವಾಗಿದೆ ಅಂತಾರೆ, ಸರ್," ಎಂದೆ ನಾನು. ಹೇಳಿದ ಕೂಡಲೇ ನೆನಪಾಯಿತು: ಮೂವತ್ತು ವರ್ಷ ಮಿರಜದ ಸಂತೆಯಲ್ಲಿ ಕುರಿ ಮಾರಿದ ಅವ್ವನ ಮರಾಠಿ ನನ್ನ ಮರಾಠಿಗಿಂತ ಚೊಕ್ಕ. ಅವ್ವ ನನ್ನ ಕಡೆ ಒಂದು ಸಲ ನೋಡಿ, ಪರೀಕ್ಷಕರ ಕಡೆ ತಿರುಗಿ, ಶುದ್ಧ ಮರಾಠಿಯಲ್ಲಿ ಎಲ್ಲವನ್ನೂ ಹೇಳಿದಳು. ಪೇಪರು, ಪೆನ್ಸಿಲು, ಟಗರು, ಬರಬೇಕಿದ್ದ ಚಪ್ಪಲಿ, ಒಂದನ್ನೂ ಬಿಡಲಿಲ್ಲ.

ಮೇಡಮ್ ಗೋಡೆ ನೋಡಿದರು. ನಾನು ಮುದ್ರೆಯ ಕಿತ್ತ ಮೂಲೆಯನ್ನು ಮುಚ್ಚುವಂತೆ ಹೆಬ್ಬೆರಳನ್ನು ಮುಷ್ಟಿಯೊಳಗೆ ಒತ್ತಿ ಹಿಡಿದೆ. ಹೋಯಿತು, ಎಲ್ಲ ಹೋಯಿತು, ಇನ್ನು ಬಿ.ಕಾಂ. ಕೂಡ ವಾಪಸು ಕೇಳುತ್ತಾರೆ. ಪರೀಕ್ಷಕರು ಕನ್ನಡಕ ತೆಗೆದು ಒರೆಸಿಕೊಂಡು ಅವ್ವನನ್ನು ಕೇಳಿದರು: "ನಿಮಗೆ ಎಕ್ಸ್‌ರೇ ಕೋಣೆ ಗೊತ್ತೇ?"

"ಇಲ್ರಿ ಸಾಹೇಬ್ರ."

"ಹಾಗಾದರೆ ಹೋಗಿ. ಯಾರನ್ನೂ ಕೇಳಬಾರದು."

"ನನ್ನ ಕಾಲ ಹಿಂದ ನಾ ಹೋಗಾಕ ಯಾರನ್ನ ಯಾಕ ಕೇಳಲಿ?" ಎಂದು ಅವ್ವ ಹೊರಟಳು. ಇಡೀ ದವಾಖಾನೆಯಲ್ಲಿ ಆ ಹೆಜ್ಜೆಗಳ ಮೇಲೆ ಅಳುಕದೆ ಕಾಲಿಟ್ಟು ನಡೆದವಳು ಅವಳೊಬ್ಬಳೇ. ಮೂರು ಕಟ್ಟಡ, ಅಡುಗೆಮನೆಯ ವಾಸನೆ, ಎಡಕ್ಕೆ. ನಾವು ಮೂವರೂ ಹಿಂದೆ. ಎಕ್ಸ್‌ರೇ ಬಾಗಿಲಲ್ಲಿ ಅವ್ವ ತಿರುಗಿ ನಿಂತು, "ಮುಗೀತೇನು?" ಅಂದಳು, ಇನ್ನೂ ಎರಡು ಕಟ್ಟಡ ಇದ್ದರೂ ನಡೆಯುವವಳ ಹಾಗೆ.

ಪಾಸಾದೆ. ಅಂಕ ಎಷ್ಟೆಂದು ಕೇಳಬೇಡಿ. ಒಂದು ಷರತ್ತೂ ಇತ್ತು: ಇಪ್ಪತ್ತಮೂರನೆಯ ಪುಟ ಕಿತ್ತು, 'ಅಳತೆ ಒಬ್ಬರದೇ, ಸಂಶೋಧಕಿಯ ತಾಯಿಯದು' ಎಂದು ಬರೆದು, ಅದಕ್ಕೆ ಅಳತೆ ಕೊಟ್ಟವರ ಒಪ್ಪಿಗೆ ಪತ್ರವನ್ನು ಸಹಿ ಸಮೇತ ಸೋಮವಾರದೊಳಗೆ ಲಗತ್ತಿಸಬೇಕು. ಫಾರಮು ಹಿಡಿದು ಬಸ್‌ಸ್ಟ್ಯಾಂಡಿಗೆ ಓಡಿದೆ. ಮೊಣಕಾಲು ಸವೆದಿದೆ ಎಂಬ ಚೀಟಿ ಹಿಡಿದು ಅವ್ವ ಬಸ್ಸಿನ ಕಿಟಕಿಯಲ್ಲಿ ಕೂತಿದ್ದಳು.

"ಇಲ್ಲೊಂದ ಸಹಿ ಮಾಡವಾ."

"ಚಪ್ಪಲಿ ಬರಲಿ, ಮಾಡತೇನಿ."

"ಹಂಗಾದ್ರ ಇಳಿ, ಈಗ ಅಂಗಡಿಗಿ ಹೋಗೂಣು."

"ಅಳತಿ ಕೊಟ್ಟೇನಿ. ಮತ್ಯಾಕ ಬರಲಿ ನಾ?" ಬಸ್ಸು ಹೊರಟಿತು.

ಅಳತೆಯ ಪೇಪರಿನಿಂದ ರೇಡಿಯಂ ಅಂಗಡಿಯವನು ಎಂದೋ ಅಂಟು ಒರೆಸಿ ಎಸೆದಿದ್ದ. ಹೀಗಾಗಿ ಮತ್ತೆ ದವಾಖಾನೆಗೆ ಬಂದು, ಗೇಟಿನ ಒಳಗೆ ಮೊಣಕಾಲೂರಿ, ಬ್ಲೇಡಿನಿಂದ ಒಂದು ಬಲಗಾಲು, ಒಂದು ಎಡಗಾಲು ಬಿಡಿಸತೊಡಗಿದೆ. ಬ್ಲೇಡಿನ ಕೆಲಸದಲ್ಲಿ ನನ್ನ ಹಿಂದಿನ ಸಾಧನೆ ನಿಮಗೆ ಗೊತ್ತೇ ಇದೆ. ಈ ಸಲ ಮೂಲೆ ಹೋಗಬಾರದು ಎಂದು ಕಿರುಬೆರಳಿನ ಹತ್ತಿರ ಮೂಗು ನೆಲಕ್ಕೆ ತಾಗುವಷ್ಟು ಬಾಗಿದ್ದೆ. "ಎರಡ ಹೆಜ್ಜಿ ತಗದ್ರ ದೇವಿ ಇಲ್ಲೇ ಜಿಗದಾಳ ಅಂತಾರ ನೋಡ ನಾಳಿಂದ" ಎಂದು ಸುಮನ ಮಾವಶಿ ನಗುತ್ತಿದ್ದಳು. ಅಷ್ಟರಲ್ಲಿ ಪಕ್ಕದಲ್ಲಿ ಒಬ್ಬ ಹೆಣ್ಣುಮಗಳು ಚಪ್ಪಲಿ ಕಳಚಿ ನನ್ನ ಹಾಗೆಯೇ ಬಾಗಿ, "ಇಲ್ಲೇ ನಮಸ್ಕಾರ ಮಾಡಬೇಕೇನ್ರಿ ಅಕ್ಕಾರ?" ಎಂದು ಕೇಳಿದಳು. ನಾನು ಬ್ಲೇಡು ಮರೆಮಾಡಿ ಅವಳಿಗೆ ಜಾಗ ಬಿಟ್ಟು ಸರಿದೆ.

ಚಪ್ಪಲಿ ಹೊಲಿಯುವ ಕಾಕಾ ಆ ಹಳದಿ ಹೆಜ್ಜೆಗಳನ್ನು ಕಟ್ಟೆಯ ಮೇಲೆ ಹರಡಿ, ಕಿರುಬೆರಳನ್ನು ಮುಟ್ಟಿ ನೋಡಿದರು. "ಯಾರ ಕಾಲ ಇದು? ಬೆರಳ ಹಿಂಗ್ಯಾಕ?"

"ಐವತ್ತು..." ಅಂದವಳು ನಾಲಿಗೆ ಕಚ್ಚಿಕೊಂಡೆ. "ನಮ್ಮ ಅವ್ವಂದು ರಿ. ಹಂಗ ಐತಿ. ಹಂಗ ಹೊಲೀರಿ."

ಕಾಕಾ ಹೆಜ್ಜೆಯನ್ನೂ ನನ್ನ ಕುತ್ತಿಗೆಯಲ್ಲಿದ್ದ ಕಾಲೇಜಿನ ಗುರುತಿನ ಚೀಟಿಯನ್ನೂ ಒಂದೊಂದು ಸಲ ನೋಡಿದರು. "ಭಾಳ ಓದಿದಾಕಿ ಕಾಣತಿ. ಅವ್ವನ್ನ ಕರಕೊಂಡ ಬಂದಿದ್ರ ಆಗತಿತ್ತಲ್ಲವಾ?"

ನನ್ನ ವರದಿ ದಪ್ಪ ರಟ್ಟಿನದು, ಮೇಲೆ ಬಂಗಾರದ ಅಕ್ಷರ. ಈ ಒಂದು ಪ್ರಶ್ನೆಗೆ ಅದರಲ್ಲಿ ಎಲ್ಲೂ ಉತ್ತರವಿಲ್ಲ.