ಅಪ್ಪಾಜಿಯ ನಂಬರಿಗಾಗಿ ಸೊರಬಕ್ಕೆ ಮೂರು ಸಲ

"ಒಂದು ನಂಬರ್ ತಾನೇ? ಅರ್ಧ ದಿನದ ಕೆಲಸ!" ಎಂದು ಚನ್ನೇಶ್ ಘೋಷಿಸಿದಾಗ ಶಿಕಾರಿಪುರದ ಅವರ ಪಾತ್ರೆ ಅಂಗಡಿಯ ಕೊಳಗ, ಕೊಡಪಾನಗಳೂ ನಂಬಿಬಿಟ್ಟವು. ನಂಬದವಳು ಹೆಂಡತಿ ರಕ್ಷಿತಾ ಒಬ್ಬಳೇ.

ವಿಷಯ ಸಣ್ಣದೇನಲ್ಲ. ತೊಂಬತ್ತೊಂಬತ್ತರ ಮಾತು. ಆರು ವರ್ಷ ಕಾದ ಮೇಲೆ ಅಪ್ಪ ಶಿವಮೂರ್ತಪ್ಪನವರ ಹೆಸರಿಗೆ ಟೆಲಿಫೋನ್ ಮಂಜೂರಾಗಿತ್ತು. ಶನಿವಾರದೊಳಗೆ ಅವರ ಆದಾಯ ತೆರಿಗೆಯ ಪ್ಯಾನ್ ನಂಬರ್ ಬರೆದುಕೊಡಬೇಕು, ಇಲ್ಲವಾದರೆ ಸರದಿ ಮುಂದಿನವರಿಗೆ! ಆನವಟ್ಟಿಯಲ್ಲಿ ಗಂಡನ ಮನೆಯಲ್ಲಿದ್ದ ಅವರ ಮಗಳು ಚೈತ್ರಶ್ರೀಗೆ ಎರಡನೇ ಹೆರಿಗೆ ಹತ್ತಿರವಾಗಿತ್ತು. ಆ ಮನೆಗೆ ಫೋನ್ ಬಂದಾಗಿತ್ತು. ಮೊಮ್ಮಗುವಿನ ಮೊದಲ ಅಳು ಫೋನಿನಲ್ಲೇ ಕೇಳಬೇಕೆಂದು ಮುದುಕರಿಗೆ ಒಂದೇ ಹಟ. ಫೋನ್ ಇಡಲು ಸ್ಟೂಲನ್ನೂ ತಂದಿಟ್ಟಿದ್ದರು. ಪ್ಯಾನ್ ನಂಬರಿನ ಕಾಗದ ಮಾತ್ರ ನಾಪತ್ತೆ!

"ನಾನೇ ಎಲ್ಲೋ ಭದ್ರ ಮಾಡೀನಿ ಕಣೋ. ತಡಿ, ನೆನಪಾಗ್ತೈತಿ..."

"ಅಪ್ಪಾಜಿ, ನೀವು ಆರಾಮಾಗಿ ಕೂತು ಪಾತ್ರೆ ಮೇಲೆ ಹೆಸರು ಕೊರೀರಿ. ಇದು ಓದಿದೋರ ಕೆಲಸ!"

ಮಾರಿದ ಪಾತ್ರೆಗೆಲ್ಲ ಕೊಂಡವರ ಹೆಸರು ಕೊರೆಯುವುದು ಎಪ್ಪತ್ತು ದಾಟಿದರೂ ಅಪ್ಪಾಜಿಯದೇ ಕೆಲಸ. ಕೈ ತುರಿಸಿದಾಗ ಮನೆಯ ಪಾತ್ರೆಗಳ ಮೇಲೂ ಹೂವು, ಬಳ್ಳಿ, ಏನೇನೋ ಗೀಚಿ ಗೀಚಿ ಇಟ್ಟಿದ್ದರಿಂದ, ಅಲ್ಲಿ ಏನಿದೆಯೆಂದು ನೋಡುವುದನ್ನೇ ಮನೆಯವರು ಬಿಟ್ಟಿದ್ದರು.

ಹಿಂದೆ ಪ್ಯಾನಿಗೆ ಅರ್ಜಿ ತುಂಬಿಕೊಟ್ಟಿದ್ದ ತೆರಿಗೆ ಸಲಹೆಗಾರ ಉಮಾಮಹೇಶ್ವರ ಈಗ ಸೊರಬದಲ್ಲಿದ್ದರು. ಬುಧವಾರ ಚನ್ನೇಶ್ ಊಟದ ಕ್ಯಾರಿಯರ್ ಹಿಡಿದು ದಂಡಯಾತ್ರೆ ಹೊರಟ. ಬಾಗಿಲಿಗೆ ಬೀಗ! ಹೊಸಬಾಳೆಗೆ ಗೃಹಪ್ರವೇಶಕ್ಕೆ ಹೋಗಿದ್ದರಂತೆ. ಗುರುವಾರ ಸಿಕ್ಕರು. ಇಬ್ಬರೂ ಧೂಳು ಕುಡಿಯುತ್ತಾ ಕಡತ ಬಿಚ್ಚಿದರು. ಅಕ್ಕಿ ಅಂಗಡಿಯವರದು, ಬಟ್ಟೆ ಅಂಗಡಿಯವರದು, ಊರಿನ ನಂಬರೆಲ್ಲ ಸಿಕ್ಕವು, ಪಾತ್ರೆ ಅಂಗಡಿಯದೊಂದು ಬಿಟ್ಟು!

"ಅಲ್ರೀ, ಈ ಅರ್ಧ ದಿನ ಎಷ್ಟು ದಿನಕ್ಕೆ ಮುಗಿತೈತಿ?" ಎಂದು ಶುಕ್ರವಾರ ಬೆಳಗ್ಗೆ ರಕ್ಷಿತಾ ಕ್ಯಾರಿಯರ್ ಕೈಗಿಟ್ಟಳು.

ಬಸ್ಸು ಹೊರಡುವಾಗ ಅಪ್ಪಾಜಿ ಏದುಸಿರು ಬಿಡುತ್ತಾ ಓಡಿಬಂದರು. "ಏ ಚನ್ನೇಶಾ, ನೆನಪಾತೋ! ಕ್ಯಾರಿಯರ್ ತಳದಾಗೆ..."

"ಮಜ್ಜಿಗೆ ಐತಿ, ಗೊತ್ತು ಅಪ್ಪಾಜಿ! ಚೆಲ್ಲಲ್ಲ, ಮನೆಗೆ ನಡೀರಿ!" ಬಸ್ಸು ಹೊರಟೇಬಿಟ್ಟಿತು.

ಸೊರಬದಲ್ಲಿ ಉಳಿದ ಕಡತಗಳೂ ಕೈಕೊಟ್ಟವು. ಅಪ್ಪಾಜಿಯ ಖಾಲಿ ಸ್ಟೂಲು ನೆನೆದು ಚನ್ನೇಶ್ ಕಟ್ಟಿಟ್ಟ ಕಡತಗಳನ್ನೇ ಮತ್ತೊಮ್ಮೆ ಬಿಚ್ಚಿ ನೋಡಿದ. ಕೊನೆಗೆ ಹಸಿವು ತಾಳದೆ ಕ್ಯಾರಿಯರ್ ಬಿಚ್ಚಿದ. ಊಟ ಮುಗಿಸಿ, ಕೆಳಗಿನ ಡಬ್ಬಿ ಎತ್ತಿ ಮಜ್ಜಿಗೆ ಗಟಗಟ ಕುಡಿಯುವಾಗ ಎದುರಿಗಿದ್ದ ಉಮಾಮಹೇಶ್ವರ ಕೂಗಿದರು.

"ಅಲ್ಲಾಡ್ಬೇಡಿ ಮಾರಾಯ್ರೆ! ಹಂಗೇ ಹಿಡ್ಕೊಳಿ!"

"ಯಾಕ್ರೀ, ಹುಳ ಬಿದ್ದೈತಾ?"

"ಎಂತ ಹುಳ! ಡಬ್ಬಿ ತಳದಲ್ಲಿ ಪ್ಯಾನ್ ನಂಬರ್ ಕೊರೆದಿದೆಯಲ್ರೀ! ಪಕ್ಕದಲ್ಲಿ ನಿಮ್ಮಪ್ಪನ ಹೆಸರು ಬೇರೆ!"

ಮೂರು ದಿನ ಆ ನಂಬರನ್ನೇ ಬಸ್ಸಿನಲ್ಲಿ ಕೂರಿಸಿಕೊಂಡು ಸೊರಬ ತೋರಿಸಿ ತಂದಿದ್ದ ಭೂಪ!

ಶನಿವಾರ ನಂಬರ್ ಟೆಲಿಫೋನ್ ಆಫೀಸು ಸೇರಿತು. "ಕಾಗದ ಇಲಿ ತಿಂತೈತಿ, ಸ್ಟೀಲು ತಿಂತೈತೇನೋ? ಹೇಳಾಕ್ ಬಂದ್ರೆ ನೀ ಎಲ್ಲಿ ಬಿಟ್ಟಿ?" ಎಂದರು ಅಪ್ಪಾಜಿ. ಎಂಟನೇ ದಿನ ಫೋನ್ ಬಂತು. ಮರುವಾರ ಅದರಲ್ಲಿ ಆನವಟ್ಟಿಯಿಂದ ಮೊಮ್ಮಗಳ ಅಳುವೂ ಬಂತು. ರಿಸೀವರ್ ಕಿವಿಗೊತ್ತಿಕೊಂಡು ಅಪ್ಪಾಜಿ ಸಂತೋಷಕ್ಕೆ ತಾವೂ ಅತ್ತುಬಿಟ್ಟರು.

ಕಣ್ಣೊರೆಸಿಕೊಂಡವರೇ ಕೊರೆಯುವ ಮಿಷನ್ನು ಎತ್ತಿಕೊಂಡರು. "ಈ ಫೋನ್ ನಂಬರ್ ಯಾತರ ಮೇಲೆ ಹಾಕಲಿ?"

ಚನ್ನೇಶ್ ತೆಪ್ಪಗೆ ತನ್ನ ಊಟದ ತಟ್ಟೆ ಮುಂದೆ ಹಿಡಿದ.

"ಹಂಗೇ ಇವರ ಹಣೆ ಮೇಲೆ ನಮ್ಮನೆ ಹೆಸರೂ ಕೊರೆದುಬಿಡ್ರೀ ಮಾವ," ಎಂದಳು ರಕ್ಷಿತಾ. "ಸೊರಬದಾಗೆ ಕಳೆದುಹೋದ್ರೆ ಯಾರಾದ್ರೂ ತಂದು ಕೊಡ್ಲಿ!"