ನಮ್ಮನೆ ಡಬ್ಬಿ, ಪಕ್ಕದ ಮನೆ ಕಡ್ಡಿ

ಒಸಿ ಹತ್ತಿರಕ್ಕೆ ಬನ್ನಿ. ಮೆಲ್ಲಗೆ ಹೇಳುತ್ತೇನೆ, ನೀವೂ ಮೆಲ್ಲಗೇ ಓದಿಕೊಳ್ಳಿ, ತುಟಿ ಅಲ್ಲಾಡಿಸಬೇಡಿ. ಇದು ನಿಮ್ಮ ಹೊಟ್ಟೆಯೊಳಗೇ ಇರಬೇಕು. ಮನೆದೇವರ ಆಣೆ, ನಾನು ಇದನ್ನು ಯಾರ ಹತ್ತಿರವೂ ಬಾಯಿಬಿಟ್ಟಿಲ್ಲ. ಡೈರಿಗೆ ಹಾಲು ಹಾಕುವ ಸಾಲಿನಲ್ಲಿ ನನ್ನ ಮುಂದೆ ನಿಲ್ಲುವವಳಿಗೆ ಹೇಳಿದ್ದೇನೆ, ಹಿಂದೆ ನಿಲ್ಲುವವಳಿಗೆ ಹೇಳಿದ್ದೇನೆ, ಅಷ್ಟೆ. ಇಬ್ಬರ ಕೈಲೂ ಆಣೆ ಹಾಕಿಸಿಕೊಂಡಿದ್ದೇನೆ.

ನಾನು ಓದಿದ್ದು ಮೂರನೇ ಕ್ಲಾಸು. ಆದರೆ ನಮ್ಮ ಬೀದಿಯಲ್ಲಿ ನಡೆಯೋದನ್ನು ನೋಡೋಕೆ ಅಷ್ಟು ಓದೇ ಜಾಸ್ತಿ. ಬೇರೆ ಬೀದಿಗಳಲ್ಲಿ ವರ್ಷಕ್ಕೊಂದು ನಡೆದರೆ ನಮ್ಮಲ್ಲಿ ವಾರಕ್ಕೊಂದು. ಹಾರೋಹಳ್ಳಿ ಕಡೆ ಫ್ಯಾಕ್ಟರಿಗಳು ಎದ್ದ ಮೇಲಂತೂ ವಾರಕ್ಕೆರಡು.

ಗೋಡೆಗೆ ತೂತು ಬೇಡವಂತೆ

ನಮ್ಮ ಪಕ್ಕದ ಮನೆಯವಳು ನನಗಿಂತ ಹತ್ತು ವರ್ಷಕ್ಕೆ ಚಿಕ್ಕವಳು. ನನ್ನನ್ನು ಅಕ್ಕ ಅನ್ನುತ್ತಾಳೆ, ಬಾಯಿ ಮಾತ್ರ ನನಗಿಂತ ಉದ್ದ. ಅವಳ ಸೊಸೆ ಮಾಗಡಿ ಕಡೆಯ ಹೆಣ್ಣು, ಓದಿದವಳು, ಹಾರೋಹಳ್ಳಿಯ ಫ್ಯಾಕ್ಟರಿಯೊಂದರಲ್ಲಿ ಆಫೀಸು ಕೆಲಸ. ಹೆರಿಗೆಯಾಗಿ ಕೂಸು ಮಡಿಲಿಗೆ ಬಂದ ಮೇಲೆ ಫ್ಯಾಕ್ಟರಿಯವರು ಅವಳ ಕೈಗೊಂದು ಹಳೇ ಲ್ಯಾಪ್‌ಟಾಪು ಕೊಟ್ಟು, "ಮೂರು ತಿಂಗಳು ಮನೆಯಿಂದಲೇ ಮಾಡಮ್ಮ. ಇವತ್ತು ಎಷ್ಟು ಪೆಟ್ಟಿಗೆ ಹೊರಟವು ಅಂತ ಗೋಡೌನಿನವರು ಫೋನಿನಲ್ಲಿ ಹೇಳ್ತಾರೆ, ಅದನ್ನು ಪಟ್ಟಿ ಮಾಡಿ ಸಂಜೆ ಏಳರೊಳಗೆ ಕಳಿಸಬೇಕು. ತಪ್ಪಿದರೆ ಆ ಕುರ್ಚಿಗೆ ಬೇರೆಯವರನ್ನ ನೋಡ್ಕೋತೀವಿ" ಎಂದರಂತೆ.

ಕಳಿಸೋಕೆ ನೆಟ್ಟು ಬೇಕು, ನೆಟ್ಟಿಗೆ ತಂತಿಯ ಫೋನು ಬೇಕು. ಟೆಲಿಫೋನಿನವರನ್ನು ಕೇಳಿದರೆ ಕಂಬದಲ್ಲಿ ಜಾಗವಿಲ್ಲ, ಕಾಯಿರಿ ಎಂದರು. ಇಡೀ ಬೀದಿಗೆ ನೆಟ್ಟು ಇದ್ದದ್ದು ನಮ್ಮನೆಯಲ್ಲಿ ಮಾತ್ರ. ನನ್ನ ಮಗ ರಾಮನಗರದಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿದ್ದಾನೆ, ರಾತ್ರಿ ಎಂಟರ ಬಸ್ಸಿಗೆ ಬಂದು ಮನೆಯಲ್ಲೂ ಅದೇನೋ ಕುಟ್ಟುತ್ತಾನೆ. ಅದಕ್ಕಾಗಿ ಮುಂದಿನ ಕೋಣೆಯ ಗೂಡಿನಲ್ಲಿ ಒಂದು ಡಬ್ಬಿ ಇಟ್ಟಿದ್ದ.

"ನಮ್ಮ ಡಬ್ಬಿಯಿಂದಲೇ ಹಿಡ್ಕೋ ಕಣಮ್ಮ. ಗಾಳೀಲೇ ಬತ್ತದೆ. ನಿನ್ನ ಲ್ಯಾಪ್‌ಟಾಪು ಹಳೇದು, ಹಿಡಿಯೋ ಕಡ್ಡಿ ಒಳಗಿಲ್ಲ. ಒಂದು ತಂದು ಸಿಕ್ಕಿಸ್ಬೇಕು ಅಷ್ಟೆ" ಎಂದ ನನ್ನ ಮಗ.

ಪಕ್ಕದ ಮನೆಯವಳಿಗೆ ಅನುಮಾನ. "ನಮ್ಮ ಗೋಡೆ ಒಂದೂವರೆ ಅಡಿ ದಪ್ಪ ಐತೆ ಕಣಪ್ಪ. ತೂತು ಹೊಡೆಸ್ಬೇಕಾ?"

"ಬ್ಯಾಡ ಚಿಕ್ಕವ್ವ, ಗೋಡೆ ದಾಟ್ಕಂಡು ಬತ್ತದೆ."

ಅವಳು ನನ್ನ ಕಡೆ ತಿರುಗಿ ಒಂದು ಸಲ ನೋಡಿದಳು. "ಇರಬೌದು ಬುಡು. ನಮ್ಮನೆ ಮಾತೆಲ್ಲ ತೂತಿಲ್ದೆನೇ ನಿಮ್ಮನೆಗೆ ಬತ್ತಿಲ್ವಾ."

ಹುಳದ ಮನೆಯ ನೇಮ

ಕಡ್ಡಿ ರಾಮನಗರದಿಂದ ಬಂತು. ಹೆಬ್ಬೆರಳುದ್ದ, ತುದಿಯಲ್ಲಿ ಸಣ್ಣ ದೀಪ, ಜೊತೆಗೊಂದು ಸಿ.ಡಿ. ನಮ್ಮ ಗೋಡೆಗೆ ಎದುರಾಗಿ ಇರೋದು ಅವರ ರೇಷ್ಮೆಹುಳದ ಮನೆ. ಅದರ ಜಗಲಿಯಲ್ಲಿ ಕೂತರೆ ನೆಟ್ಟು ಚೆನ್ನಾಗಿ ಸಿಗುತ್ತದೆ ಎಂದು ಸೊಸೆ ಅಲ್ಲೇ ಜಾಗ ಮಾಡಿಕೊಂಡಳು.

ಆಗ ಹುಳ ನಾಲ್ಕನೇ ಜ್ವರ ಎದ್ದು, ಅಂದರೆ ಕೊನೇ ಸಲ ಪೊರೆ ಬಿಟ್ಟು, ಹಗಲೂ ರಾತ್ರಿ ಸೊಪ್ಪು ತಿನ್ನುವ ಕಾಲ. ಹುಳ ಸಾಕುವವರಿಗೆ ಒಂದು ನೇಮ ಉಂಟು. ಬಾಗಿಲಲ್ಲಿ ಬ್ಲೀಚಿಂಗ್ ಪುಡಿ ಕಲಸಿದ ನೀರು ಇಟ್ಟಿರುತ್ತಾರೆ. ಬಂದವರು ಕೈಕಾಲು ಅದ್ದಬೇಕು, ಹೊರಗಿನಿಂದ ಬಂದ ಬುಟ್ಟಿ, ಕತ್ತಿ, ತಟ್ಟೆ ಎಲ್ಲವನ್ನೂ ಅದ್ದಬೇಕು. ಹೊರಗಿನ ಸೋಂಕು ತಗುಲಿದರೆ ಇಡೀ ಬೆಳೆ ನೆಲ ಕಚ್ಚುತ್ತದೆ.

ಅತ್ತೆ ಕಡ್ಡಿಯನ್ನು ನೋಡಿದಳು. "ಅಂಗಡಿಯವನು ಮುಟ್ಟವ್ನೆ, ಬಸ್ಸಲ್ಲಿ ಬಂದೈತೆ, ಯಾರ್ಯಾರ ಕೈ ಸೋಕೈತೋ" ಅಂದವಳೇ ಅದನ್ನು ಬ್ಲೀಚಿಂಗ್ ನೀರಿಗೆ ಹಾಕಿ, ಚೆನ್ನಾಗಿ ತಿಕ್ಕಿ, ಮೊರದಲ್ಲಿ ಬಿಸಿಲಿಗೆ ಇಟ್ಟಳು. ಆಮೇಲೆ ಸೆರಗು ಸಿಕ್ಕಿಸಿ ಲ್ಯಾಪ್‌ಟಾಪಿಗೆ ಕೈ ಹಾಕಿದಳು. ಸೊಸೆ ಓಡಿ ಬಂದು ಅದನ್ನು ಎದೆಗವುಚಿಕೊಂಡಳು. ಹೆತ್ತ ಕೂಸನ್ನೂ ಅವಳು ಹಾಗೆ ಅವುಚಿಕೊಂಡದ್ದನ್ನು ನಾನು ಕಂಡಿಲ್ಲ.

ಕಡ್ಡಿಯ ದೀಪ ಹತ್ತಲಿಲ್ಲ. ಅತ್ತೆ ಅದನ್ನು ಸೆರಗಿಗೆ ಕಟ್ಟಿಕೊಂಡು ರಾಮನಗರಕ್ಕೆ ಹೊರಟಳು. ಏನಾಗುತ್ತದೋ ನೋಡಬೇಕಲ್ಲ, ನಾನೂ ಬಸ್ಸು ಹತ್ತಿದೆ. ಅಂಗಡಿಯವನು ಕಡ್ಡಿಯನ್ನು ಮೂಸಿ ನೋಡಿ, "ಇದೇನಮ್ಮ, ಆಸ್ಪತ್ರೆ ವಾಸನೆ ಬತ್ತಾ ಐತೆ. ನೀರಿಗೆ ಬಿದ್ದರೆ ನಾವು ವಾಪಸು ತಗೊಳ್ಳಲ್ಲ" ಎಂದ.

"ನೀರಿಗೆ ಯಾರು ಹಾಕಿದ್ರಪ್ಪ" ಎಂದಳು ಇವಳು. "ಬ್ಲೀಚಿಂಗಿಗೆ ಹಾಕಿದ್ದು. ನಿನ್ನ ಅಂಗಡೀಲಿ ಇದ್ದಾಗ್ಲೂ ಇಷ್ಟು ಚೊಕ್ಕಟವಾಗಿರ್ಲಿಲ್ಲ ಅದು."

ಮೂರನೇ ಸಾಲು, ಬಿದಿರು ಕೋಲು

ಎರಡನೇ ಕಡ್ಡಿ ಬಂತು. ಅದರ ಜೊತೆಗೂ ಒಂದು ಸಿ.ಡಿ. ಈ ಸಲ ಸೊಸೆ ಯಾರಿಗೂ ತೋರಿಸದೆ ಸಿಕ್ಕಿಸಿದಳು. ಕಡ್ಡಿ ಒಳಗೆ ಹೋಯಿತು, ಲ್ಯಾಪ್‌ಟಾಪು ಮಾತ್ರ ಅದನ್ನು ಕಂಡೂ ಕಾಣದ ಹಾಗೆ ಸುಮ್ಮನಿತ್ತು. ರಾಮನಗರದಿಂದ ಕಂಪ್ಯೂಟರಿನವನನ್ನು ಕರೆಸಿದರು. ಮೂವತ್ತೈದರ ಆಳು, ಮೆತ್ತನೆ ಮಾತಿನವನು.

"ಸಿಕ್ಕಿಸಿದ್ರೆ ಸಾಲಲ್ಲಮ್ಮ" ಎಂದ ಅವನು. "ಬಂದಿರೋನು ಯಾರು ಏನು ಅಂತ ಲ್ಯಾಪ್‌ಟಾಪಿಗೆ ಪರಿಚಯ ಮಾಡಿಸ್ಬೇಕು. ಅದೆಲ್ಲ ಸಿ.ಡಿ.ಯಲ್ಲಿ ಐತೆ. ಎಲ್ಲಿ ಸಿ.ಡಿ.?"

ಮನೆಯೆಲ್ಲ ಜಾಲಾಡಿದರು. ಬೀರು, ಅಟ್ಟ, ಕೂಸಿನ ತೊಟ್ಟಿಲು, ಎಲ್ಲೂ ಇಲ್ಲ. ಕೊನೆಗೆ ಸೊಸೆಯ ಮಾವ ಎಲೆಯಡಿಕೆ ಉಗಿದು ಕೇಳಿದ, "ಆ ಹೊಳೆಯೋ ತಟ್ಟೆ ತಾನೆ ನೀವು ಹುಡುಕ್ತಿರೋದು? ಎರಡನ್ನೂ ರಾಗಿ ಹೊಲಕ್ಕೆ ಕಟ್ಟಿವ್ನಿ. ಬಿಸಿಲಿಗೆ ಫಳಫಳ ಅಂತಾವೆ, ಒಂದು ಗುಬ್ಬಿ ತೆನೆ ಮುಟ್ಟಿಲ್ಲ."

ಎಲ್ಲರೂ ಹೊಲಕ್ಕೆ ಹೋದೆವು. ಒಂದು ಸಿ.ಡಿ. ಗಾಳಿಗೆ ಕೋಲಿಗೆ ಉಜ್ಜಿ ಉಜ್ಜಿ ಗೀರು ಬಿದ್ದಿತ್ತು. ಇನ್ನೊಂದರ ಮೇಲೆ ಹಕ್ಕಿಯ ಹಿಕ್ಕೆ. ಗುಬ್ಬಿ ತೆನೆ ಮುಟ್ಟಿರಲಿಲ್ಲ ನಿಜ, ತಟ್ಟೆಯ ಮೇಲೇ ಕೂತು ಹೋಗಿತ್ತು. ಕಂಪ್ಯೂಟರಿನವನು ಅದನ್ನು ಕರ್ಚೀಫಿನಲ್ಲಿ ಒರೆಸಿ ತಂದು ಲ್ಯಾಪ್‌ಟಾಪಿನೊಳಗೆ ಹಾಕಿದ. ಗರಗರ ಸದ್ದು ಮಾಡಿ, ಕಾಲು ಗಂಟೆ ಯೋಚನೆ ಮಾಡಿ, ಕಡೆಗೆ ಕಡ್ಡಿಯ ದೀಪ ಹತ್ತಿತು.

"ಇದನ್ನ ಭದ್ರವಾಗಿ ಇಟ್ಟಿರಿ, ಮುಂದೆ ಬೇಕಾಗ್ತದೆ" ಎಂದು ಅವನು ಸಿ.ಡಿ.ಯನ್ನು ಮಾವನ ಕೈಗೆ ಕೊಟ್ಟ. ಮಾವ ಆಗಲೇ ದಾರ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದ.

"ನೀನು ಯಾವಾಗ ಬೇಕಾದ್ರೂ ಬಾ ಕಣಪ್ಪ, ನಮ್ಮನ್ನ ಕೇಳೋದೇ ಬ್ಯಾಡ. ಹೊಲದಲ್ಲಿ ಮೂರನೇ ಸಾಲು, ಬಿದಿರು ಕೋಲು" ಎಂದ.

ಗುಟ್ಟಿನ ಹೆಸರು

ದೀಪ ಹತ್ತಿದ ಮೇಲೆ ಇನ್ನೊಂದು ಬಾಗಿಲು. ನಮ್ಮ ಡಬ್ಬಿಯ ಪಾಸ್‌ವರ್ಡ್, ಅಂದರೆ ಅದಕ್ಕಿಟ್ಟ ಗುಟ್ಟಿನ ಹೆಸರು, ಹಾಕಿದರೇನೇ ಒಳಗೆ ಬಿಡುತ್ತದಂತೆ. ನನ್ನ ಮಗನಿಗೆ ಫೋನು ಮಾಡಿದರೆ, "ಬಂದು ಹೇಳ್ತೀನಿ" ಎಂದ. ಬಂದವನು ಬಾಯಲ್ಲಿ ಹೇಳಲು ಒಪ್ಪಲಿಲ್ಲ, ಚೀಟಿಯಲ್ಲಿ ಬರೆದುಕೊಡ್ತೀನಿ ಎಂದ. ಬಾಯಲ್ಲಿ ಹೇಳೋಕಾಗದ ಹೆಸರು ಎಂದರೆ ಏನರ್ಥ? ನನಗೆ ಮೈಯೆಲ್ಲ ಕಿವಿಯಾಯಿತು. ನನ್ನ ಸೊಸೆಗೂ ಆಯಿತು. ಅವಳು ಕೈಲಿದ್ದ ಮುದ್ದೆಕೋಲನ್ನೂ ಕೆಳಗಿಡದೆ ಬಂದು ನಿಂತಳು.

"ಹೇಳಿ, ಯಾವಳ ಹೆಸರು?"

"ಯಾರದ್ದೂ ಅಲ್ಲ ಕಣೆ, ಗೌರಿ ಹೆಸರು."

ಗೌರಿ ನಮ್ಮನೆ ಹಸು. ನನ್ನ ಸೊಸೆಯ ಮುಖ ಇನ್ನೂ ದಪ್ಪವಾಯಿತು. ಹನ್ನೊಂದು ವರ್ಷ ಮುದ್ದೆ ತಿರುವಿದವಳ ಹೆಸರು ನೆನಪಾಗಲಿಲ್ಲ, ಹಸುವಿನದು ಆಯಿತು. "ಯಾರೂ ಊಹಿಸಬಾರದು ಅಂತ ಹಾಕಿದ್ದು" ಎಂದ ಮಗ. ದಿನಾ ಬೆಳಿಗ್ಗೆ ಇಡೀ ಬೀದಿಗೆ ಕೇಳುವ ಹಾಗೆ ನಾನು ಆ ಹೆಸರನ್ನು ಕೂಗುತ್ತೇನೆ ಎಂಬುದು ಅವನಿಗೆ ಹೊಳೆದಿರಲಿಲ್ಲ.

ಎರಡು ದಿನ ನನ್ನ ಸೊಸೆ ಅವನಿಗೆ ಬಡಿಸಲಿಲ್ಲ. ಊಟಕ್ಕೆ ಕೂತಾಗ ಅವನು ಸಾರು ಕೇಳಿದರೆ, "ಕೊಟ್ಟಿಗೇಲಿ ಅವ್ಳೆ, ಅವಳನ್ನೇ ಕೇಳಿ" ಎನ್ನುತ್ತಿದ್ದಳು.

ಮಾಳಿಗೆಯ ಮೇಲಿನ ಓಡಾಟ

ಇನ್ನು ಮುಂದಿನದು ಕಿವಿಯಲ್ಲಿ ಹೇಳುವ ಮಾತು.

ಹಗಲೆಲ್ಲ ನೆಟ್ಟು ಚೆನ್ನಾಗಿ ಬರುತ್ತಿತ್ತಂತೆ. ಸಂಜೆ ಆರೂವರೆಗೆ, ಪಟ್ಟಿ ಕಳಿಸುವ ಹೊತ್ತಿಗೆ ಸರಿಯಾಗಿ ನಿಂತುಹೋಗುತ್ತಿತ್ತಂತೆ. ಇದು ನನಗೆ ಆಮೇಲೆ ತಿಳಿದದ್ದು. ಆಗ ನನ್ನ ಕಣ್ಣಿಗೆ ಬಿದ್ದದ್ದನ್ನು ಮಾತ್ರ ಹೇಳುತ್ತೇನೆ.

ಸಂಜೆ ಹೊತ್ತು ನಾನು ಮುಂದಿನ ಕೋಣೆಯ ಕಿಟಕಿಯಲ್ಲಿ ಕೂರುತ್ತೇನೆ. ಕತ್ತಲ ಕೋಣೆ, ಹಗಲಲ್ಲೂ ದೀಪ ಉರಿಯುತ್ತಿರುತ್ತದೆ. ಕಿಟಕಿಯಲ್ಲಿ ಕೂತು ನೋಡುವುದಕ್ಕೂ ಒಂದು ಕ್ರಮವಿದೆ. ಒಳಗೆ ದೀಪ ಉರಿಯುತ್ತಿದ್ದರೆ ಹೊರಗಿನವರಿಗೆ ನಾವು ಕಾಣುತ್ತೇವೆ, ನಮಗೆ ಅವರು ಕಾಣುವುದಿಲ್ಲ. ಆ ಹೆಣ್ಣು ಲ್ಯಾಪ್‌ಟಾಪು ಹಿಡಿದು ಜಗಲಿಗೆ ಬಂತೋ, ನಾನು ದೀಪ ಆರಿಸಿ ಕೂರುತ್ತಿದ್ದೆ.

ಸ್ವಲ್ಪ ಹೊತ್ತಿಗೆಲ್ಲ ಅವಳು ಹಣೆ ಚಚ್ಚಿಕೊಂಡು ಮಾಳಿಗೆಗೆ ಓಡುತ್ತಿದ್ದಳು. ಅಲ್ಲಿ ಲ್ಯಾಪ್‌ಟಾಪನ್ನು ಆರತಿ ತಟ್ಟೆಯ ಹಾಗೆ ಎತ್ತಿ ಹಿಡಿದು ಆ ಮೂಲೆಗೊಂದು ಸಲ, ಈ ಮೂಲೆಗೊಂದು ಸಲ. ಕಿವಿಗೂ ಹೆಗಲಿಗೂ ನಡುವೆ ಮೊಬೈಲು. "ಇವತ್ತೂ ಸಿಗಲಿಲ್ಲ. ನಾಳೆ ನೀವೇ ಬತ್ತೀರಾ?" ಅನ್ನುತ್ತಿದ್ದಳು. ಆ ಕಡೆ ಇದ್ದವನು ಕಂಪ್ಯೂಟರಿನವನು. ದಿನಾ ಸಂಜೆ, ಮಾಳಿಗೆಯ ಮೇಲೆ, ಗಂಡ ಮನೆಗೆ ಬರುವ ಮುಂಚೆ. ನೀವೇ ಹೇಳಿ, ನನ್ನ ಜಾಗದಲ್ಲಿ ನೀವಿದ್ದರೆ ಏನು ತಿಳಿಯುತ್ತಿದ್ದಿರಿ?

ಬಸ್‌ಸ್ಟಾಪಿನಲ್ಲಿ ಒಬ್ಬಳಿಗೆ ಮಾತ್ರ ಹೇಳಿದೆ. ಮಾಗಡಿಗೆ ರೈಲಿಲ್ಲ, ನಮ್ಮೂರಿನಿಂದ ಹೋಗಬೇಕಾದರೆ ಬಸ್ಸು ಬದಲಾಯಿಸಬೇಕು. ಆದರೂ ನನ್ನ ಮಾತು ಮೂರನೇ ದಿನಕ್ಕೆ ಅಲ್ಲಿಗೆ ಮುಟ್ಟಿ, ಆ ಹೆಣ್ಣಿನ ತವರಿನಿಂದ ಅವಳ ತಾಯಿ ಫೋನು ಮಾಡಿ ಅತ್ತಳಂತೆ. ಅದೇ ದಿನ ಫ್ಯಾಕ್ಟರಿಯಿಂದಲೂ ಫೋನು ಬಂತು. ನಾಳೆ ಏಳಕ್ಕೆ ಪಟ್ಟಿ ಬರದಿದ್ದರೆ ಲ್ಯಾಪ್‌ಟಾಪು ತಂದು ಒಪ್ಪಿಸು, ಬೇರೆ ಹುಡುಗಿಯನ್ನು ನೋಡಿದ್ದೇವೆ ಎಂದು. ಅವತ್ತು ರಾತ್ರಿ ಕೂಸೂ ಅತ್ತಿತು, ತಾಯಿಯೂ ಅತ್ತಳು. ಗೋಡೆ ಎಷ್ಟು ದಪ್ಪವಿದ್ದರೇನು, ನನಗೆ ಕೇಳಿಸಿತು. ಪಾಪ ಅನ್ನಿಸಿತು, ಸುಳ್ಳು ಹೇಳಲಾರೆ.

ಮಾರನೇ ದಿನ ಅತ್ತೆಯೇ ರಾಮನಗರಕ್ಕೆ ಹೋಗಿ ಕಂಪ್ಯೂಟರಿನವನನ್ನು ಎಳೆದುಕೊಂಡು ಬಂದಳು. ಅವನು ಕಡ್ಡಿ ಕಿತ್ತು ನೋಡಿದ, ಮತ್ತೆ ಸಿಕ್ಕಿಸಿ ನೋಡಿದ. "ಇಲ್ಲಿ ಎಲ್ಲ ಸರಿ ಐತೆ. ತೊಂದರೆ ಡಬ್ಬಿ ಕಡೆ" ಎಂದು ನಮ್ಮನೆಗೆ ಬಂದ. ಹಿಂದೆಯೇ ಪಕ್ಕದ ಮನೆಯವಳೂ ಬಂದು ಕೈಕಟ್ಟಿ ನಿಂತಳು. ಗಂಟೆ ಆರೂವರೆ. ಗೂಡಿನಲ್ಲಿ ಡಬ್ಬಿ ಮಿಣಮಿಣ ಅನ್ನುತ್ತಿತ್ತು.

"ಇದೂ ಸರಿ ಐತಲ್ಲ" ಎಂದು ಅವನು ತಲೆ ಕೆರೆದುಕೊಂಡ. "ಅಜ್ಜಿ, ಈ ಹೊತ್ತಲ್ಲಿ ನೀವು ದಿನಾ ಏನ್ ಮಾಡ್ತೀರಿ?"

"ದೇವರ ನಾಮ ಹೇಳ್ಕೋತೀನಿ ಕಣಪ್ಪ."

ಅಷ್ಟರಲ್ಲಿ ಆ ಹೆಣ್ಣು ಲ್ಯಾಪ್‌ಟಾಪು ಹಿಡಿದು ಜಗಲಿಗೆ ಬಂತು. ಏನು ಹೇಳಲಿ, ಅಭ್ಯಾಸ. ನನ್ನ ಕೈ ತಾನಾಗಿಯೇ ಸ್ವಿಚ್ಚಿಗೆ ಹೋಯಿತು. ದೀಪ ಆರಿತು, ಡಬ್ಬಿಯ ಮಿಣಮಿಣವೂ ಆರಿತು. ಆ ಕಡೆಯಿಂದ, "ಅಣ್ಣ, ನೋಡಿ, ಈಗ ನಿಂತೋಯ್ತು" ಎಂಬ ಕೂಗು.

ಕಂಪ್ಯೂಟರಿನವನು ಮೊಬೈಲಿನ ಬೆಳಕಿನಲ್ಲಿ ಡಬ್ಬಿಯ ವೈರು ಹಿಡಿದು ಹೋದ. ಅದು ಗೋಡೆ ಹತ್ತಿ, ತೊಲೆ ಸುತ್ತಿ, ದೀಪದ ಹೋಲ್ಡರಿಗೆ ಹೋಗಿ ಸೇರಿತ್ತು. ಬೋರ್ಡಿನಲ್ಲಿ ಪ್ಲಗ್ಗು ಸಾಲದೆ ನನ್ನ ಮಗ ಅಲ್ಲಿಂದಲೇ ಕರೆಂಟು ತೆಗೆದಿದ್ದ. ಕಂಪ್ಯೂಟರಿನವನು ಸ್ವಿಚ್ಚು ಹಾಕಿದ. ಐದು ನಿಮಿಷ ಎಲ್ಲರೂ ಡಬ್ಬಿಯನ್ನೇ ನೋಡಿಕೊಂಡು ನಿಂತೆವು. ಏಳಕ್ಕೆ ಇನ್ನೂ ಹತ್ತು ನಿಮಿಷ ಇದ್ದಾಗ ಆ ಕಡೆಯಿಂದ, "ಅತ್ತೆ, ಪಟ್ಟಿ ಸೇರ್ತಂತೆ, ಫೋನ್ ಮಾಡಿದ್ರು" ಎಂದು ಕೇಳಿಸಿತು. ಅಳುತ್ತಾ ಹೇಳಿದಳೋ ನಗುತ್ತಾ ಹೇಳಿದಳೋ ಗೊತ್ತಾಗಲಿಲ್ಲ.

ಕಂಪ್ಯೂಟರಿನವನು ಪಾಪದವನು, ಅವನಿಗೆ ನಿಜವಾಗಿಯೂ ತಿಳಿಯಲಿಲ್ಲ. "ಅಲ್ಲ ಅಜ್ಜಿ, ಕತ್ತಲಾದ್ರೆ ಎಲ್ರೂ ದೀಪ ಹಾಕ್ತಾರೆ. ನೀವ್ಯಾಕೆ ಆರಿಸ್ತೀರಿ?"

"ಕರೆಂಟು ಉಳೀಲಿ ಅಂತ" ಎಂದೆ.

ಪಕ್ಕದ ಮನೆಯವಳು ಹೋಗಿ ಕಿಟಕಿಯ ಹತ್ತಿರದ ನನ್ನ ಕುರ್ಚಿಯಲ್ಲಿ ಕೂತಳು. ಅಲ್ಲಿಂದ ಅವಳ ಜಗಲಿ, ಮಾಳಿಗೆ ಮೆಟ್ಟಿಲು, ಅಡುಗೆಮನೆ ಬಾಗಿಲು, ಬಚ್ಚಲ ಹಂಡೆ ಎಲ್ಲ ಕಾಣುತ್ತದೆ. ಒಂದೊಂದನ್ನೇ ನಿಧಾನವಾಗಿ ನೋಡಿದಳು. ಆಮೇಲೆ ಎದ್ದು ಬಂದು ನನ್ನ ಮುಖಕ್ಕೆ ಮುಖ ಕೊಟ್ಟು ನಿಂತು ಹೇಳಿದಳು:

"ನೋಡಬ್ಯಾಡ ಅಂತ ನಾನು ಹೇಳಾಕಿಲ್ಲ ಕಣಕ್ಕ. ಇನ್ನು ಎರಡು ತಿಂಗಳು ದೀಪ ಹಾಕ್ಕಂಡೇ ನೋಡು. ನಮ್ಮ ಹೆಣ್ಣಿನ ಕೆಲಸ ಉಳ್ಕತದೆ."